ಮಂಡಿಯ ಗಾದಿಯಿಂದ ಕ್ಯಾಟ್ ಪರೀಕ್ಷೆಯವರೆಗೆ

ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎರಡನೆಯ ಮುಂಬೈ’ ಎಂಬ ಹೆಸರಿದ್ದ ಕಾಲದಲ್ಲಿ ವ್ಯಾಪಾರ ಕಲಿಯಲು ಯಾರೂ ಅರ್ಜಿ ಬರೆಯುತ್ತಿರಲಿಲ್ಲ. ಗುರುತಿನವರೊಬ್ಬರು ಹೇಳಿದರೆ ಹುಡುಗನಿಗೆ ಮಂಡಿಯಲ್ಲಿ ಜಾಗ ಸಿಗುತ್ತಿತ್ತು. ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ತೇವ ಹೇಳುವುದು, ಉದ್ರಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೂಗುವುದು, ಇವೇ ಪಾಠ. ಪಕ್ಕದ ಮೊಳಕಾಲ್ಮುರಿನ ರೇಷ್ಮೆ ಸೀರೆಯ ವ್ಯವಹಾರ ನಡೆದದ್ದೂ ಇಂಥ ನಂಬಿಕೆಯ ಮೇಲೆಯೇ. ಗುರುತಿನವರಿಲ್ಲದವನಿಗೆ ಮಾತ್ರ ಈ ಶಾಲೆಯ ಬಾಗಿಲು ತೆರೆಯುತ್ತಿರಲಿಲ್ಲ.

ಆ ಬಾಗಿಲನ್ನು ತೆರೆದದ್ದು ಪರೀಕ್ಷೆ. ಅಮೆರಿಕದ ವ್ಯವಹಾರ ಶಾಲೆಗಳು 1954ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯೊಂದನ್ನು ಶುರುಮಾಡಿದವು. 1976ರಲ್ಲಿ ಅದು ಜಿಮ್ಯಾಟ್ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1940ರ ದಶಕದ ಕೊನೆಗೇ ಕೈಗಾರಿಕಾ ಆಡಳಿತದ ಪಾಠಕ್ಕೆ ಕೈಹಾಕಿತ್ತು. ಕೋಲ್ಕತ್ತ, ಅಹಮದಾಬಾದ್‌ಗಳಲ್ಲಿ 1961ರಲ್ಲಿ ಐಐಎಂಗಳು ಹುಟ್ಟಿದವು, ಬೆಂಗಳೂರಿನದು 1973ರಲ್ಲಿ. ಅವುಗಳ ಕ್ಯಾಟ್ ಪರೀಕ್ಷೆಯ ಹಾದಿಯೇನೂ ಸುಗಮವಾಗಿರಲಿಲ್ಲ. 2003ರಲ್ಲಿ ಪ್ರಶ್ನೆಪತ್ರಿಕೆ ಸೋರಿ, ಮುಂದಿನ ಫೆಬ್ರುವರಿಯಲ್ಲಿ ಮತ್ತೆ ಬರೆಸಬೇಕಾಯಿತು. 2009ರಿಂದ ಅದು ಕಂಪ್ಯೂಟರಿನಲ್ಲಿ ನಡೆಯುತ್ತಿದೆ.

2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. ಅಂದರೆ 99 ಪರ್ಸೆಂಟೈಲ್ ದಾಟಿದವರೇ ಮೂರು ಸಾವಿರದ ಹತ್ತಿರ. ಬೆಂಗಳೂರು ಐಐಎಂನ ಎರಡು ವರ್ಷದ ಕೋರ್ಸಿಗೆ ಸೇರುವವರು ಕೆಲವು ನೂರು ಮಂದಿ ಮಾತ್ರ.

ಹಾಗಾಗಿ ಒಂದು ಪರೀಕ್ಷೆಯಿಂದ ಕೆಲಸ ಮುಗಿಯಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳು, ನೌಕರಿಯ ಅನುಭವ, ಬರವಣಿಗೆ, ಸಂದರ್ಶನ ಎಲ್ಲವೂ ಲೆಕ್ಕಕ್ಕೆ ಬಂದವು. ಹದಿನೈದನೇ ವಯಸ್ಸಿನ ಅಂಕ ಇಪ್ಪತ್ಮೂರರ ಅರ್ಜಿಯನ್ನು ಎಳೆದು ಬೀಳಿಸುವುದು, ಹಳ್ಳಿಯ ಕನ್ನಡ ಶಾಲೆಯಿಂದ ಬಂದವರ ಮಟ್ಟಿಗೆ, ನ್ಯಾಯವೆನಿಸುವುದಿಲ್ಲ. ಆದರೆ ಉಳಿದ ಭಾಗಗಳಲ್ಲಿ ಮಂಡಿಯ ಹಳೆಯ ಪ್ರಶ್ನೆಯೇ ಮರಳಿ ಬಂದಿದೆ: ನೀನು ಏನು ಮಾಡಿ ನೋಡಿದ್ದೀಯ?

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ದೊಡ್ಡ ಸಂಸ್ಥೆಯೊಂದು ಬಂದರೂ ವ್ಯವಹಾರ ಕಲಿಯುವ ದಾರಿ ಹತ್ತಿರವಾಗಲಿಲ್ಲ. ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ ಸುಮಾರು 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣಕ್ಕೆ ಹೋಯಿತು. ಸರ್ಕಾರಿ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ಇಲ್ಲಿ ತರಬೇತಿ ನಡೆಯುತ್ತದೆ. ಸಂಸ್ಥೆಯ ನಿರ್ವಹಣಾ ಪದವಿಯ ತರಗತಿಗಳು ಮಾತ್ರ ಬೆಂಗಳೂರಿನಲ್ಲಿ, ಅದೂ ಎಂಜಿನಿಯರಿಂಗ್ ಓದಿದವರಿಗೆ. ಬಿ.ಕಾಂ. ಓದಿದ ಇಲ್ಲಿನ ಹುಡುಗಿಗೆ ಹತ್ತಿರದ ದಾರಿಯೆಂದರೆ ಪಿಜಿಸಿಇಟಿ ಬರೆದು ರಾಜ್ಯದ ಎಂಬಿಎ ಸೀಟು ಪಡೆಯುವುದು, ಇಲ್ಲವೇ ಕ್ಯಾಟ್.

ಅರ್ಜಿ ಬರೆಯಲು ಕುಳಿತಾಗ ಇಂಥವರು ತಮ್ಮ ಮನೆಯನ್ನೇ ಮರೆಮಾಚುವುದುಂಟು. ಕಾಲೇಜು ಉತ್ಸವದ ಸಂಚಾಲಕತ್ವ, ನಾಲ್ಕು ಪ್ರಮಾಣಪತ್ರ, ‘ನಾಯಕತ್ವದ ಗುಣ’ ಎಂಬ ಮಾತು ಎಲ್ಲರ ಅರ್ಜಿಯಲ್ಲೂ ಇರುತ್ತವೆ. ಮಳೆ ಕೈಕೊಟ್ಟ ವರ್ಷ ಗಿರಣಿ ನಡೆದದ್ದು ಹೇಗೆ, ಸೀರೆ ಮಾರಾಟವಾಗುವವರೆಗೆ ನೂಲಿನ ಸಾಲ ತೀರಿಸಿದ್ದು ಹೇಗೆ, ಕಂಬಳಿಗೆ ಗಿರಾಕಿ ಕಡಿಮೆಯಾದಾಗ ನೇಕಾರರು ಏನು ಮಾಡಿದರು ಎಂಬುದನ್ನು ಕಂಡವರು ಅಷ್ಟು ಜನರಿಲ್ಲ. ಒಂದು ಹಂಗಾಮು ಮನೆಯ ಲೆಕ್ಕ ಬರೆದು, ಅದರಲ್ಲಿ ತಾನು ಬದಲಿಸಿದ್ದೇನು ಎಂದು ಅಂಕಿಸಂಖ್ಯೆಯಲ್ಲಿ ಹೇಳಬಲ್ಲವಳಿಗೆ ಸಂದರ್ಶನದ ಕೋಣೆಯಲ್ಲಿ ಮಾತಿಗೆ ಬರವಿರದು. ಪದವಿಯ ಕೊನೆಯ ವರ್ಷದಲ್ಲಿರುವವರು ಕೋಚಿಂಗ್ ಶುಲ್ಕ ಕಟ್ಟುವ ಮೊದಲು ಆ ಲೆಕ್ಕದ ಪುಸ್ತಕ ತೆರೆಯಲಿ.