ಕೊಳಚಲ್ ಕದನ: ಸಣ್ಣದೊಂದು ಗೆಲುವು, ದೊಡ್ಡದೊಂದು ತಿರುವು

ತಿರುವನಂತಪುರದಿಂದ ನಾಗರಕೋಯಿಲಿಗೆ ಹೋಗುವ ರೈಲು ಮಾರ್ಗದಲ್ಲಿ ಇರಣಿಯಲ್ ಎಂಬ ಚಿಕ್ಕ ನಿಲ್ದಾಣವಿದೆ. ಮಾರ್ಗ ತೆರೆದದ್ದು 1979ರಲ್ಲಿ. ಹಳಿಗಳ ತಪಾಸಣೆಗೆಂದು ಹೋದ ಒಂದು ದಿನ, ಕೆಲಸ ಮುಗಿದ ಮೇಲೆ ಬಸ್ಸು ಹಿಡಿದು ಕಡಲ ಕಡೆಗೆ ಹೊರಟು ಕೊಳಚಲ್ ತಲುಪಿದೆ. ಅದು ಮೀನುಗಾರರ ಊರು. ಅಲ್ಲಿ ಒಂದು ವಿಜಯಸ್ತಂಭ ನಿಂತಿದೆ. ಅದರ ವಿಷಯ ಕೇಳಿದಾಗ ಚಹಾದಂಗಡಿಯವನು ಹೇಳಿದ್ದು ಇಷ್ಟು: “ಇಲ್ಲಿ ನಮ್ಮ ರಾಜ ಡಚ್ಚರನ್ನು ಹಿಡಿದ.” ಆ ಒಂದು ಮಾತು ನನ್ನನ್ನು ಹಲವು ವರ್ಷ ಪುಸ್ತಕಗಳ ಬೆನ್ನು ಹತ್ತಿಸಿತು. ಇತಿಹಾಸವನ್ನು ನಾನು ಕಾಲೇಜಿನಲ್ಲಿ ಓದಿದವನಲ್ಲ. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಥೆಯ ಬೇರು ಇರುವುದು ಕೊಚ್ಚಿಯಲ್ಲಿ. 1663ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ಪೋರ್ಚುಗೀಸರಿಂದ ಕೊಚ್ಚಿಯ ಕೋಟೆಯನ್ನು ಕಸಿದುಕೊಂಡಿತು. (ಮಟ್ಟಾಂಚೇರಿಯಲ್ಲಿ ನಾವು ‘ಡಚ್ ಅರಮನೆ’ ಎಂದು ಕರೆಯುವ ಕಟ್ಟಡವನ್ನು ಕಟ್ಟಿಸಿದವರು ಪೋರ್ಚುಗೀಸರು, ಡಚ್ಚರು ಅದನ್ನು ದುರಸ್ತಿ ಮಾಡಿಸಿದರು, ಹೆಸರು ಮಾತ್ರ ಅವರದಾಯಿತು.) ಡಚ್ಚರಿಗೆ ಬೇಕಾಗಿದ್ದುದು ರಾಜ್ಯವಲ್ಲ, ಕಾಳುಮೆಣಸು. ಕೊಲ್ಲಂ, ಕಾಯಂಕುಳಂ ಮೊದಲಾದ ಸಣ್ಣ ಸಣ್ಣ ಸಂಸ್ಥಾನಗಳೊಡನೆ ಒಪ್ಪಂದ ಮಾಡಿಕೊಂಡು, ತಾವೇ ನಿಗದಿ ಮಾಡಿದ ಅಗ್ಗದ ದರಕ್ಕೆ ಮೆಣಸನ್ನು ಕೊಳ್ಳುತ್ತಿದ್ದರು. ಅರಸರು ಸಣ್ಣವರಾಗಿದ್ದಷ್ಟೂ ವ್ಯಾಪಾರಿಗೆ ಅನುಕೂಲ.

1729ರಲ್ಲಿ ವೇಣಾಡಿನ ಪಟ್ಟವೇರಿದ ಮಾರ್ತಾಂಡವರ್ಮನು ಈ ವ್ಯವಸ್ಥೆಗೇ ಕೊಡಲಿಯಿಟ್ಟನು. ಅವನು ಅಕ್ಕಪಕ್ಕದ ಸಂಸ್ಥಾನಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಬಂದಂತೆ ಡಚ್ಚರ ಒಪ್ಪಂದಗಳು ಬರಿಯ ಕಾಗದವಾಗತೊಡಗಿದವು. ಸಿಂಹಳದ ಡಚ್ ಗವರ್ನರ್ ವಾನ್ ಇಮ್ಹಾಫ್ 1739ರಲ್ಲಿ ಕೊಚ್ಚಿಗೆ ಬಂದು ಸ್ಥಿತಿಯನ್ನು ಪರಿಶೀಲಿಸಿ, ರಾಜನನ್ನು ಕಂಡು ಬೆದರಿಸಿದನು. ಅದಕ್ಕೆ ರಾಜನು, ತನ್ನ ಮೀನುಗಾರರ ದೋಣಿಗಳಲ್ಲಿ ಯುರೋಪಿನ ಮೇಲೇ ದಂಡೆತ್ತಿ ಹೋಗುವ ಯೋಚನೆ ಇದೆಯೆಂದು ಉತ್ತರಿಸಿದನಂತೆ. ಮಾತು ನಿಜವಿರಲಿ, ಇಲ್ಲದಿರಲಿ, ಸಂಧಾನ ಮುರಿದದ್ದಂತೂ ನಿಜ.

ಡಚ್ಚರ ದಂಡು ಕೊಳಚಲ್ ತೀರದಲ್ಲಿ ಇಳಿದು ಬೀಡುಬಿಟ್ಟಿತು. ಅಲ್ಲಿಂದ ರಾಜಧಾನಿ ಪದ್ಮನಾಭಪುರವು ಹದಿನೈದು ಕಿಲೋಮೀಟರಿನಷ್ಟು ದೂರ. ರಾಜಧಾನಿಯೇ ಕೈತಪ್ಪುವ ಸ್ಥಿತಿ ಒದಗಿತು. ಮಾರ್ತಾಂಡವರ್ಮನು ತಿರುವಟ್ಟಾರಿನ ಆದಿಕೇಶವನ ಸನ್ನಿಧಿಯಲ್ಲಿ ಖಡ್ಗವನ್ನಿಟ್ಟು ಪೂಜಿಸಿ ಯುದ್ಧಕ್ಕೆ ಹೊರಟನೆಂಬುದು ಅಲ್ಲಿಯ ಪರಂಪರೆ. 1741ರ ಮಳೆಗಾಲದಲ್ಲಿ ಕದನ ನಡೆಯಿತು. ದಿನಾಂಕವನ್ನು ಕೆಲವರು ಜುಲೈ 31 ಎಂದೂ ಕೆಲವರು ಆಗಸ್ಟ್ 10 ಎಂದೂ ಹೇಳುತ್ತಾರೆ. ಮುಕ್ಕುವರೆಂಬ ಮೀನುಗಾರರು ಹುಟ್ಟುಗಳನ್ನು ಬಂದೂಕುಗಳಂತೆ ಹೆಗಲಿಗೇರಿಸಿ ನಿಂತು, ತಾಳೆಯ ಕಾಂಡಗಳನ್ನು ಎತ್ತಿನ ಗಾಡಿಗಳ ಮೇಲೆ ಫಿರಂಗಿಗಳಂತೆ ಕಾಣಿಸಿದರೆಂಬ ಕಥೆಯನ್ನು ಆ ತೀರದವರು ಇಂದಿಗೂ ಹೇಳುತ್ತಾರೆ. ಬರಹದ ದಾಖಲೆಗಳು ಹೇಳುವ ಕಾರಣ ಇನ್ನೂ ಸರಳವಾದುದು. ತಿರುವಾಂಕೂರಿನ ಗುಂಡೊಂದು ಡಚ್ಚರ ಮದ್ದಿನ ಪೀಪಾಯಿಗೆ ಬಿದ್ದು ಬೆಂಕಿ ಹತ್ತಿತು. ಕೂಡಿಟ್ಟ ಅಕ್ಕಿಯೆಲ್ಲ ಸುಟ್ಟುಹೋಯಿತು. ಉಣ್ಣಲು ಅನ್ನವಿಲ್ಲದ ದಂಡು ಶರಣಾಯಿತು.

ಇದನ್ನು ಓದಿದಾಗ ನನಗೆ ನನ್ನ ವೃತ್ತಿ ನೆನಪಾಯಿತು. ಮಳೆಗಾಲದಲ್ಲಿ ಎಲ್ಲಿಯೋ ದಿಬ್ಬ ಕುಸಿದರೆ, ಎಷ್ಟೇ ಎಂಜಿನ್‌ಗಳಿದ್ದರೂ ಗಾಡಿ ಮುಂದೆ ಹೋಗದು. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಆ ಕಾಲದ ಹಾಯಿ ಹಡಗುಗಳಿಗೆ ಈ ತೀರಕ್ಕೆ ಬರುವುದು ದುಸ್ಸಾಧ್ಯವಾಗಿತ್ತು. ಅದೂ ಅಲ್ಲದೆ, 1740ರ ಅಕ್ಟೋಬರಿನಲ್ಲಿ ಬಟಾವಿಯಾದಲ್ಲಿ ಚೀನೀಯರ ಕಗ್ಗೊಲೆ ನಡೆದು, ಜಾವಾದಲ್ಲಿ ಯುದ್ಧದ ಕಿಚ್ಚು ಹಬ್ಬಿತ್ತು. ಕಂಪನಿಯ ಸೈನ್ಯಕ್ಕೆ ಅಲ್ಲಿಯೇ ಕೈತುಂಬ ಕೆಲಸ. ಕೊಳಚಲಿನಲ್ಲಿ ಸೋತದ್ದು ಸಣ್ಣದೊಂದು ದಂಡೇ ಸರಿ, ಆದರೆ ಅದರ ಜಾಗ ತುಂಬಲು ಇನ್ನೊಂದು ದಂಡು ಬರಲಿಲ್ಲ.

ಏಷ್ಯದ ಅರಸನೊಬ್ಬನು ಯುರೋಪಿಯನ್ನರನ್ನು ಸೋಲಿಸಿದ ಮೊದಲ ಯುದ್ಧ ಇದೆಂದು ಅನೇಕರು ಬರೆಯುತ್ತಾರೆ. ಇದು ಸರಿಯಲ್ಲ. ಚೀನದ ಝೆಂಗ್ ಚೆಂಗ್‌ಗಾಂಗ್ 1662ರಲ್ಲೇ ಇದೇ ಡಚ್ಚರನ್ನು ತೈವಾನಿನಿಂದ ಓಡಿಸಿದ್ದನು. ಅಷ್ಟು ದೂರವೇಕೆ, ನಮ್ಮ ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಕೋಟೆಗಳನ್ನು ಪೋರ್ಚುಗೀಸರಿಂದ ಗೆದ್ದಿದ್ದನು. ಕೊಳಚಲಿನ ಹಿರಿಮೆ ಮೊದಲನೆಯದೆಂಬುದರಲ್ಲಿ ಇಲ್ಲ, ಗೆದ್ದ ಮೇಲೆ ರಾಜನು ಮಾಡಿದ ಕೆಲಸದಲ್ಲಿದೆ.

ರೈಲ್ವೆಯಲ್ಲಿ ನಾವು ಪಾಯಿಂಟ್ಸ್ ಎನ್ನುವ ಸಾಧನವೊಂದಿದೆ. ನಾಲಗೆಯಂಥ ಹಳಿಗಳು ನಾಲ್ಕೈದು ಅಂಗುಲ ಸರಿದರೆ ಸಾಕು, ಗಾಡಿ ಬೇರೆಯೇ ಊರಿಗೆ ಹೋಗುತ್ತದೆ. ಆದರೆ ಸರಿಸಿದ ಮೇಲೆ ಬೀಗ ಬೀಳಬೇಕು; ಬೀಳದಿದ್ದರೆ ಗಾಡಿ ಹಳಿ ತಪ್ಪುತ್ತದೆ. ಮಾರ್ತಾಂಡವರ್ಮನು ಹಾಕಿದ ಬೀಗ, ಸೆರೆಯಾಳಾಗಿ ಸಿಕ್ಕ ಡಿ ಲನೋಯ್. ಇವನು ಶರಣಾಗುವ ಚಿತ್ರವೊಂದು ಪದ್ಮನಾಭಪುರದ ಅರಮನೆಯಲ್ಲಿದೆ. ಅದರಲ್ಲಿ ಅವನು ದೊಡ್ಡ ಸೇನಾಪತಿಯಂತೆ ಕಂಡರೂ, ವಾಸ್ತವದಲ್ಲಿ ಅವನ ಹುದ್ದೆ ಅಷ್ಟು ದೊಡ್ಡದಿರಲಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ರಾಜನು ಅವನನ್ನು ಕೊಲ್ಲಿಸಲಿಲ್ಲ, ಅಡವಿಟ್ಟು ಹಣ ಕೇಳಲಿಲ್ಲ. ತನ್ನ ಸೈನಿಕರಿಗೆ ಕವಾಯತು, ಬಂದೂಕು, ಕೋಟೆ ಕಟ್ಟುವ ವಿದ್ಯೆ ಕಲಿಸಲು ನೇಮಿಸಿದನು. ಜನರು ಅವನನ್ನು ‘ವಲಿಯ ಕಪ್ಪಿತ್ತಾನ್’ ಎಂದು ಕರೆದರು. ಆ ಸೈನ್ಯದಿಂದಲೇ 1746ರಲ್ಲಿ ಕಾಯಂಕುಳಂ, ಅಂಬಲಪ್ಪುಳಗಳು ತಿರುವಾಂಕೂರಿಗೆ ಸೇರಿದವು.

1750ರ ಜನವರಿಯಲ್ಲಿ ರಾಜನು ರಾಜ್ಯವನ್ನೆಲ್ಲ ಶ್ರೀ ಪದ್ಮನಾಭನಿಗೆ ಅರ್ಪಿಸಿ, ಪದ್ಮನಾಭದಾಸನೆಂದು ಕರೆಸಿಕೊಂಡನು. ಆ ದೇವಾಲಯದ ನಂಬಿಗಳಲ್ಲಿ ಚಂದ್ರಗಿರಿ ಹೊಳೆಯಾಚೆಯ ತುಳುನಾಡಿನವರೂ ಇರುವುದು ನಮ್ಮ ವಾಚಕರಿಗೆ ತಿಳಿದದ್ದೇ.

ಯುದ್ಧ ಮಾತ್ರ 1741ಕ್ಕೆ ಮುಗಿಯಲಿಲ್ಲ. ಮತ್ತೆ ಹನ್ನೆರಡು ವರ್ಷ ಎಳೆಯಿತು. ಕೊನೆಗೆ 1753ರ ಮಾವೇಲಿಕ್ಕರ ಒಪ್ಪಂದದಲ್ಲಿ ಡಚ್ಚರು, ರಾಜನು ಯಾರ ಮೇಲೆ ಏರಿಹೋದರೂ ತಾವು ಅಡ್ಡಬರುವುದಿಲ್ಲವೆಂದು ಒಪ್ಪಿದರು. ಮೆಣಸಿಗೆ ಪ್ರತಿಯಾಗಿ ಅವನಿಗೆ ಆಯುಧ ಮಾರುವುದಕ್ಕೂ ಒಪ್ಪಿದರು! ತಮ್ಮನ್ನು ನಂಬಿದ್ದ ಕೊಚ್ಚಿಯ ಅರಸನನ್ನು ಅವರು ಕೈಬಿಟ್ಟಂತೆಯೇ ಆಯಿತು. 1795ರಲ್ಲಿ ಇಂಗ್ಲಿಷರು ಬಂದಾಗ ಕೊಚ್ಚಿಯ ಕೋಟೆಯೂ ಡಚ್ಚರ ಕೈತಪ್ಪಿತು.

ಕನ್ನಡಿಗರು ಈ ಕಥೆಯೊಳಗೆ ಬರುವುದು ಇನ್ನೊಂದು ಬದಿಯಿಂದ. ಡಿ ಲನೋಯ್ ಕೊಚ್ಚಿಯ ಉತ್ತರಕ್ಕೆ ಕಟ್ಟಿಸಿದ ನೆಡುಂಕೋಟೆ ಎಂಬ ಉದ್ದನೆಯ ಮಣ್ಣಿನ ಗೋಡೆಯ ಮೇಲೆ 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನ ಮೈಸೂರು ಸೈನ್ಯ ಏರಿಬಂದು, ಮೊದಲ ಸಲ ಹಿಮ್ಮೆಟ್ಟಬೇಕಾಯಿತು. ಅದನ್ನು ನೋಡಲು ಡಿ ಲನೋಯ್ ಬದುಕಿರಲಿಲ್ಲ. ಅವನು 1777ರಲ್ಲಿ ತೀರಿಕೊಂಡನು. ಪದ್ಮನಾಭಪುರದ ಹತ್ತಿರದ ಉದಯಗಿರಿ ಕೋಟೆಯೊಳಗೆ, ಪಾಳುಬಿದ್ದ ಇಗರ್ಜಿಯಲ್ಲಿ ಅವನ ಸಮಾಧಿಯಿದೆ. ಕಲ್ಲಿನ ಮೇಲಿನ ಬರಹ ಲ್ಯಾಟಿನ್ ಮತ್ತು ತಮಿಳಿನಲ್ಲಿದೆ.