ಇಂಡಕ್ಷನ್ ಒಲೆ: ದೋಷ ಮತ್ತು ನಿರ್ವಹಣೆ

ಗಾಜಿನ ತಟ್ಟೆಯಡಿಯ ತಾಮ್ರದ ಸುರುಳಿಯಲ್ಲಿ ಅಧಿಕ ಆವರ್ತನದ ವಿದ್ಯುತ್ ಹರಿಸಿ, ಪಾತ್ರೆಯ ತಳದಲ್ಲೇ ಶಾಖ ಹುಟ್ಟಿಸುವ ಒಲೆ. ‘ಕೆಟ್ಟಿದೆ’ ಎನ್ನಿಸುವ ಎಷ್ಟೋ ಒಲೆಗಳಲ್ಲಿ ತೊಂದರೆ ಪಾತ್ರೆಯದು. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು. ಬರಿಯ ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳನ್ನು ಸಾಮಾನ್ಯ ಒಲೆ ಗುರುತಿಸದೆ ಬೀಪ್ ಎಂದು ನಿಲ್ಲುತ್ತದೆ. ದೋಷಸಂಕೇತಗಳ ಅರ್ಥ ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಕೈಪಿಡಿಯನ್ನು ಎಸೆಯಬಾರದು.

ಅಡುಗೆಯ ನಡುವೆ ಒಲೆ ತಾನಾಗಿ ಆರಿದರೆ ಮೊದಲು ಗಾಳಿಯ ದಾರಿ ನೋಡಬೇಕು. ತಳದ ಫ್ಯಾನಿನ ಜಾಲರಿಯಲ್ಲಿ ಒಗ್ಗರಣೆಯ ಜಿಡ್ಡು, ಧೂಳು ಸೇರಿ ಕಟ್ಟಿಕೊಳ್ಳುತ್ತದೆ. ಬೆಚ್ಚಗಿನ ಜಾಗವೆಂದು ಜಿರಲೆಗಳೂ ಒಳನುಗ್ಗುತ್ತವೆ. ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಹೊರಗಿನಿಂದಲೇ ಗುಡಿಸಬೇಕು. ಒಲೆಯಡಿ ಪತ್ರಿಕೆ ಅಥವಾ ಬಟ್ಟೆ ಹಾಸುವ ಅಭ್ಯಾಸ ಗಾಳಿಯನ್ನು ಕಟ್ಟಿಹಾಕುತ್ತದೆ. ಅಡುಗೆ ಮುಗಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ, ಅದು ನಿಂತ ಮೇಲೆಯೇ ಪ್ಲಗ್ ತೆಗೆಯುವುದು ಸರಿ.

2,000 ವಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಸಲ್ಲದು. ಪ್ಲಗ್ ಕಂದುಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಸಡಿಲವಾಗಿದೆಯೆಂದು ತಿಳಿದು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಉಕ್ಕಿದ ಹಾಲನ್ನು ಗಾಜು ತಣಿದ ಮೇಲೆ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಾಜಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಒಲೆ ಬಳಸುವಂತಿಲ್ಲ, ಸೋರಿದ ನೀರು ನೇರವಾಗಿ ವಿದ್ಯುತ್ ಭಾಗಕ್ಕಿಳಿಯುತ್ತದೆ. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಕವಚ ಬಿಚ್ಚುವುದು ತರಬೇತಿ ಪಡೆದವರ ಕೆಲಸ. ಪೇಸ್‌ಮೇಕರ್ ಅಳವಡಿಸಿಕೊಂಡವರು ಒಲೆ ಬಳಸುವ ಮೊದಲು ವೈದ್ಯರನ್ನು ಕೇಳಬೇಕು.