ಕತ್ತರಿಸಿದ ಕಾಲುಚೀಲ

ಮಗ್ಗದ ನಾಡಿನಿಂದ ಬಂದ ನಮಗೆ ಹೆಣೆದ ಬಟ್ಟೆಯ ಮೇಲೆ ಅಂಥ ಗೌರವವೇನಿಲ್ಲ. ಇಳಕಲ್ಲು, ಮೊಳಕಾಲ್ಮೂರು ಎಂದು ಊರಿನ ಹೆಸರು ಹಿಡಿದು ಸೀರೆ ಗುರುತಿಸುವ ನಾವು ಟಿ-ಶರ್ಟಿನ ಬಟ್ಟೆಯನ್ನು ಮಾತ್ರ 'ಬನಿಯನ್ ಬಟ್ಟೆ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನಾನೀಗ ನೆಲೆಸಿರುವ ನಾಟಿಂಗ್‌ಹ್ಯಾಮಿನಲ್ಲಿ ಹಾಗಲ್ಲ. ಈ ಸೀಮೆಯ ಚರಿತ್ರೆಯ ಅರ್ಧಪಾಲು ಹೆಣಿಗೆಯ ಯಂತ್ರಕ್ಕೆ ಸೇರಿದ್ದು. ಇಲ್ಲಿನ ಕನ್ನಡ ಗೆಳೆಯರ ಕ್ರಿಕೆಟ್ ತಂಡಕ್ಕೆ ಜೆರ್ಸಿ ಬಟ್ಟೆ ಆರಿಸುವ ಕೆಲಸ ನನ್ನ ತಲೆಗೆ ಬಂದಾಗ, ಮೇಜಿನ ಮೇಲಿದ್ದ ನಾಲ್ಕಾರು ತುಂಡು ಬಟ್ಟೆಗಳಲ್ಲಿ ಆ ಚರಿತ್ರೆಯೇ ಮಡಚಿಟ್ಟಂತೆ ಕಂಡಿತು.

ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎರಡೂ ನೆಟ್ಟಗೆ ಬಿಗಿದಿರುತ್ತವೆ. ಎಳೆದರೆ ಬಗ್ಗುವ ಜಾತಿಯಲ್ಲ. ಹೆಣಿಗೆಯಲ್ಲಿ ನೂಲು ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಡುತ್ತದೆ. ಎಳೆದಾಗ ಹಿಗ್ಗುವುದು ನೂಲಲ್ಲ, ಕುಣಿಕೆಯ ಆಕಾರ. ಕುಣಿಕೆಗಳ ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಬೌಲಿಂಗ್ ಮಾಡುವವನ ತೋಳು ಮೇಲೇರಿದಾಗ ಅಂಗಿ ಸೊಂಟದಿಂದ ಕಿತ್ತು ಬರದಿರುವುದಕ್ಕೆ ಕಾರಣ ಇಷ್ಟೇ. ಲೈಕ್ರಾದಂಥ ಹಿಗ್ಗುವ ಎಳೆ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕೈಯಲ್ಲಿ. ಅದಕ್ಕೂ ಮೂರೂವರೆ ಶತಮಾನ ಮೊದಲೇ ಕುಣಿಕೆ ಯಂತ್ರವೇರಿತ್ತು.

ಏರಿಸಿದವನು ವಿಲಿಯಂ ಲೀ, ನಾಟಿಂಗ್‌ಹ್ಯಾಮ್ ಪಕ್ಕದ ಕ್ಯಾಲ್ವರ್ಟನ್ ಹಳ್ಳಿಯವನು. 1589ರಲ್ಲಿ ಅವನು ಕಾಲುಚೀಲ ಹೆಣೆಯುವ ಚೌಕಟ್ಟು ಕಟ್ಟಿದ. ಕೈಯಲ್ಲಿ ಹೆಣೆದು ಹೊಟ್ಟೆ ಹೊರೆಯುವ ಬಡವರ ಗತಿಯೇನು ಎಂದು ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲವೆಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಲೀ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡ. ಯಂತ್ರ ಮಾತ್ರ ಊರಿಗೆ ಮರಳಿ ಮನೆಮನೆಯ ಕಿಟಕಿಯ ಬದಿಗೆ ಬಂದು ಕೂತಿತು. 1750ರ ದಶಕದ ಕೊನೆಗೆ ಜೆಡಿಡಾಯ ಸ್ಟ್ರಟ್ ಅದಕ್ಕೊಂದು ಜೋಡಣೆ ಸೇರಿಸಿ ಏರುಗೆರೆ-ಇಳಿಗೆರೆಯ ರಿಬ್ ಹೆಣಿಗೆ ತಂದ. ಇಂದಿನ ಜೆರ್ಸಿಯ ತೋಳಿನ ಅಂಚು ಹಿಗ್ಗಿ ಮತ್ತೆ ಕೈಗೆ ಬಿಗಿಯಾಗಿ ಕೂರುವುದು ಇದೇ ರಿಬ್ಬಿನಿಂದ.

ಇನ್ನು ಲಡ್ಡೈಟರ ವಿಷಯ. ಹೊಸ ತಂತ್ರಜ್ಞಾನ ಕಂಡರೆ ಹೌಹಾರುವವರನ್ನು ಹಂಗಿಸಲು ಬಳಸುವ ಈ ಹೆಸರು ಅವರಿಗೆ ಮಾಡಿದ ಅನ್ಯಾಯವೆಂದೇ ನನ್ನ ಎಣಿಕೆ. 1811ರಲ್ಲಿ ಆರ್ನಾಲ್ಡ್ ಮತ್ತು ಸುತ್ತಲ ಹಳ್ಳಿಗಳಲ್ಲಿ ಚೌಕಟ್ಟು ಒಡೆದವರು ಅದೇ ಯಂತ್ರದ ಮೇಲೆ ತಲೆಮಾರುಗಳಿಂದ ದುಡಿದವರು. ಯಂತ್ರ ಅವರದಲ್ಲ, ಅದರ ಬಾಡಿಗೆ ಕೂಲಿಯಲ್ಲಿ ಮುರಿಯುತ್ತಿತ್ತು. ಅವರ ಸಿಟ್ಟಿಗೆ ಇದ್ದ ಕಾರಣಗಳಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು. ಒಳ್ಳೆಯ ಕಾಲುಚೀಲವನ್ನು ಕಾಲಿನ ಆಕಾರಕ್ಕೇ ಹೆಣೆಯುತ್ತಿದ್ದರು. ಅದಕ್ಕೆ ಎರಡೂ ಕಡೆ ಗಟ್ಟಿ ಅಂಚು. ಕೆಲವು ಮಾಲೀಕರು ಅಗಲ ಚೌಕಟ್ಟಿನಲ್ಲಿ ಹಾಳೆಯಂತೆ ಹೆಣೆಸಿ, ಕತ್ತರಿಯಿಂದ ಕಾಲಿನ ಆಕಾರಕ್ಕೆ ಕತ್ತರಿಸಿ, ಹೊಲಿದು ಅಗ್ಗಕ್ಕೆ ಮಾರತೊಡಗಿದರು. 'ಕಟ್-ಅಪ್' ಎಂದು ಅದರ ಹೆಸರು. ಕತ್ತರಿ ಬಿದ್ದ ಕಡೆ ಕುಣಿಕೆ ಬಿಚ್ಚುತ್ತದೆ, ಚೀಲ ಹೊಲಿಗೆಯಲ್ಲೇ ಬಾಯಿಬಿಡುತ್ತದೆ. ಇದು ಮೋಸ, ನಮ್ಮ ಕಸುಬಿನ ಹೆಸರನ್ನೇ ಕೆಡಿಸುತ್ತದೆ ಎಂದು ಅವರು ಕೂಗಿದರು. ಸರ್ಕಾರ 1812ರಲ್ಲಿ ಚೌಕಟ್ಟು ಒಡೆದವರಿಗೆ ಮರಣದಂಡನೆಯ ಕಾನೂನು ತಂದಿತು. ಲಾರ್ಡ್ಸ್ ಸಭೆಯಲ್ಲಿ ಕವಿ ಬೈರನ್ ತನ್ನ ಮೊದಲ ಭಾಷಣದಲ್ಲೇ ಅದನ್ನು ವಿರೋಧಿಸಿದ. ಕೇಳುವವರಿರಲಿಲ್ಲ.

ಈಗ ನಿಮ್ಮ ಮೈಮೇಲಿರುವ ಟಿ-ಶರ್ಟನ್ನು ಒಮ್ಮೆ ಒಳಮಗ್ಗುಲು ತಿರುಗಿಸಿ ನೋಡಿ. ಅದು ಹೆಚ್ಚುಕಡಿಮೆ ಕಟ್-ಅಪ್ಪೇ. ಹಾಳೆಯಂತೆ ಹೆಣೆದು, ಥಾನುಗಟ್ಟಲೆ ಒಂದರ ಮೇಲೊಂದು ಪೇರಿಸಿ, ಕತ್ತರಿಸಿ ಹೊಲಿದದ್ದು. ಅಂದು ಮೋಸವಾಗಿದ್ದದ್ದು ಇಂದು ವಾಡಿಕೆ. ನಡುವೆ ಬಂದದ್ದು ಓವರ್‌ಲಾಕ್ ಹೊಲಿಗೆ ಯಂತ್ರ: ಅಂಚನ್ನು ಸವರಿಕೊಂಡು ಅದರ ಸುತ್ತ ನೂಲು ಸುತ್ತಿ, ಬಿಚ್ಚದ ಹಾಗೆ ಬಿಗಿಯುತ್ತದೆ. ಆದ್ದರಿಂದ ಅಂಗಡಿಯವರು ಎಳೆಯ ಹೆಸರು ಹೇಳುವ ಮೊದಲು ನಾನು ಹೊಲಿಗೆಯನ್ನು ಹಿಗ್ಗಿಸಿ ನೋಡುತ್ತೇನೆ. ಬಟ್ಟೆಯಷ್ಟೇ ಹೊಲಿಗೆಯೂ ಹಿಗ್ಗದಿದ್ದರೆ ಅದು 1811ರ ಕಾಲುಚೀಲವೇ.

ಎಳೆಯ ಮಾತಿಗೆ ಬಂದರೆ ಮನೆಯಲ್ಲೇ ಜಗಳ. ಹತ್ತಿಯೇ ಬೇಕು ಎಂಬ ಹಿರಿಯರ ಪಟ್ಟಿಗೆ ಆಧಾರವಿಲ್ಲದಿಲ್ಲ. 1926ರಲ್ಲಿ ಟೆನಿಸ್ ಆಟಗಾರ ರೆನೆ ಲಕೋಸ್ಟ್ ಉದ್ದ ತೋಳಿನ ಬಿಗಿ ಶರ್ಟು ಬಿಟ್ಟು ಹತ್ತಿಯ ಪಿಕೆ ಹೆಣಿಗೆಯ ಅಂಗಿ ತೊಟ್ಟು ಅಂಗಳಕ್ಕಿಳಿದ. ಉಬ್ಬುತಗ್ಗಿನ ಆ ಬಟ್ಟೆ ಮೈಗೆ ಪೂರ್ತಿ ಅಂಟುವುದಿಲ್ಲ. ಆದರೆ ಹತ್ತಿ ನೀರು ಕುಡಿಯುವ ಎಳೆ. ಸಾಧಾರಣ ಹವೆಯಲ್ಲೇ ತನ್ನ ತೂಕದ ಶೇಕಡಾ 8ರಷ್ಟು ತೇವ ಹಿಡಿದಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4 ಮಾತ್ರ. ಇಲ್ಲಿನ ಏಪ್ರಿಲ್ ಗಾಳಿಯಲ್ಲಿ ಬೆವರಿಗೆ ನೆಂದ ಹತ್ತಿ ಬೆನ್ನ ಮೇಲೆ ಒದ್ದೆ ಗೋಣಿಯಂತೆ ಕೂರುತ್ತದೆ.

ಪಾಲಿಯೆಸ್ಟರ್ ಕೂಡ ಇಂಗ್ಲೆಂಡಿನದೇ ಕೂಸು. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅದರ ಎಳೆ ತೆಗೆದರು. ಅದು ಬೆವರನ್ನು ಕುಡಿಯುವುದಿಲ್ಲ ನಿಜ. ಆದರೆ ಕುಡಿಯದಿದ್ದರಷ್ಟೇ ಸಾಲದು, ಬೆವರನ್ನು ಹರಡಲೂ ಬೇಕು. ಹಳೆಯ ಪಾಲಿಯೆಸ್ಟರ್ ಶರ್ಟು ತೊಟ್ಟು ಮೇ ತಿಂಗಳಲ್ಲಿ ರಾಯಚೂರಿನ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಡ್ಯುಪಾಂಟ್ ತಂದ ಕೂಲ್‌ಮ್ಯಾಕ್ಸ್ ಎಳೆಯ ಉದ್ದಕ್ಕೂ ಕಾಲುವೆಗಳಿದ್ದವು. ಬೆವರು ಆ ಕಾಲುವೆ ಹಿಡಿದು ಬಟ್ಟೆಯ ಹೊರಮೈಗೆ ಹರಡಿ ಬೇಗ ಆರುತ್ತದೆ. 'ಡ್ರೈ' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಈ ಗುಣ ಬರುವುದಿಲ್ಲ. ಒಳಮಗ್ಗುಲಿಗೆ ಒಂದು ಹನಿ ನೀರು ಬಿಟ್ಟು ನೋಡಿ: ಮುತ್ತಿನಂತೆ ನಿಂತರೆ ಬೇಡ, ಅಗಲವಾಗಿ ಹಬ್ಬಿದರೆ ಸರಿ. ಪಾಲಿಯೆಸ್ಟರಿಗೆ ವಾಸನೆ ಬಿಡದ ರೋಗವೊಂದಿದೆ. ಅದನ್ನು ಮನೆಯವರು ಈಗಲೂ ನನಗೆ ನೆನಪಿಸುತ್ತಾರೆ.

ಕಡೆಗೆ ಗೆದ್ದದ್ದು ಚದರ ಮೀಟರಿಗೆ 160 ಗ್ರಾಂ ತೂಗುವ ಇಂಟರ್‌ಲಾಕ್. ಎರಡೂ ಮುಖ ಒಂದೇ ಥರ ಇರುವ ಜೋಡಿ ಹೆಣಿಗೆ ಅದು, ಅಂಚು ಸುರುಳಿ ಸುತ್ತುವುದಿಲ್ಲ. ಅದಕ್ಕಿಂತ ಹಗುರವಾಗಿದ್ದ ಸಿಂಗಲ್ ಜೆರ್ಸಿ, ಫೀಲ್ಡಿಂಗಿನಲ್ಲಿ ನೆಲಕ್ಕೆ ಬೀಳುವ ಹುಡುಗರ ಮೈಮೇಲೆ ಹೆಚ್ಚು ದಿನ ಬಾಳುವಂಥದ್ದಲ್ಲ. ಕಂಕುಳಿಗೆ ಜಾಲರಿ ಹೆಣಿಗೆ ಇರಲಿ ಎಂದೆವು.

ಆ ಮಾದರಿಯ ಒಳಗೆ ಭಾರತದಲ್ಲಿ ತಯಾರಾದದ್ದು ಎಂಬ ಪಟ್ಟಿಯಿತ್ತು. ಹೆಣಿಗೆಯ ಈ ಕಥೆಯಲ್ಲಿ ನಮ್ಮವರು ಬರುವುದು ಹೊಲಿಗೆಯ ಹತ್ತಿರ. 1972ರಲ್ಲಿ ಇಲ್ಲಿಂದ ಕೂಗಳತೆಯ ಲಫ್‌ಬರೋದ ಮ್ಯಾನ್ಸ್‌ಫೀಲ್ಡ್ ಹೋಸಿಯರಿ ಗಿರಣಿಯಲ್ಲಿ ಏಷ್ಯಾ ಮೂಲದ ಕಾರ್ಮಿಕರು ಮುಷ್ಕರ ಹೂಡಿದರು. ಹೆಚ್ಚು ಕೂಲಿಯ ಹೆಣಿಗೆ ಯಂತ್ರದ ಕೆಲಸ ಬಿಳಿಯರ ಪಾಲಾಗಿತ್ತು, ಅದು ನಮಗೂ ಬೇಕು ಎಂಬುದು ಅವರ ಕೇಳಿಕೆ. ಅವರ ಯೂನಿಯನ್ನೇ ಬೆಂಬಲಕ್ಕೆ ನಿಲ್ಲಲು ಮೀನಮೇಷ ಎಣಿಸಿತು. ಆಮೇಲಾಮೇಲೆ ಇಲ್ಲಿನ ಗಿರಣಿಗಳು ಒಂದೊಂದಾಗಿ ಮುಚ್ಚಿ, ಕತ್ತರಿಸುವ ಹೊಲಿಯುವ ಕೆಲಸ ಏಷ್ಯಾದ ಊರುಗಳಿಗೆ ಹೋಯಿತು. ನಮ್ಮ ಬೆಂಗಳೂರಿಗೂ ಬಂತು. ಬೆಳಿಗ್ಗೆ ಬುತ್ತಿ ಹಿಡಿದು 'ಗಾರ್ಮೆಂಟ್ಸಿಗೆ' ಓಡುವ ಹೆಣ್ಣುಮಕ್ಕಳಿಗೆ ಓವರ್‌ಲಾಕ್ ಯಂತ್ರ ಮಗ್ಗಕ್ಕಿಂತ ಹೆಚ್ಚು ಪರಿಚಿತ. 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ಕಟ್ಟುಪಾಡು ಹಾಕಿದಾಗ ಅವರು ಸಾವಿರಗಟ್ಟಲೆ ಹೊಸೂರು ರಸ್ತೆಗಿಳಿದರು. ಊರು ಎರಡು ದಿನ ಅಲ್ಲಾಡಿತು. ಸರ್ಕಾರ ಆದೇಶ ಹಿಂತೆಗೆದುಕೊಂಡಿತು.